ಇಪ್ಪತ್ತು ಉಸಿರು

ನರ್ಸಿಂಗ್ ಓದುವ ಹುಡುಗಿಯರು ವಾರ್ಡಿಗೆ ಬಂದ ಮೊದಲ ದಿನವೇ ನನ್ನನ್ನು ಮೂಲೆಗೆ ಕರೆದು ಕೇಳುವ ಪ್ರಶ್ನೆ ಒಂದೇ: "ಮನಾಂಗ್ ಸೆಂದಾ, ಇಲ್ಲಿ ದೆವ್ವ ಇದ್ಯಂತೆ, ಹೌದಾ?" ಬೆಡ್‌ಪ್ಯಾನ್ ಎಲ್ಲಿಟ್ಟಿದ್ದೀರಿ ಅಂತ ಇದುವರೆಗೆ ಒಬ್ಬಳೂ ಕೇಳಿಲ್ಲ. ಮನಾಂಗ್ ಅಂದರೆ ನಮ್ಮ ಕಡೆ ಅಕ್ಕ, ಸೆಂದಾ ನನ್ನ ಹೆಸರು. ಈ ಜಿಲ್ಲಾ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ನಾನು ಮೂವತ್ತಮೂರು ವರ್ಷದಿಂದ ಆಯಾ. ಬದುಕಿದವರನ್ನೂ ತೊಳೆದಿದ್ದೇನೆ, ಸತ್ತವರನ್ನೂ ತೊಳೆದಿದ್ದೇನೆ. ನಮ್ಮ ಇಲೊಯಿಲೊ ಸೀಮೆಯ ಅರ್ಧ ನರ್ಸುಗಳು ಮೊದಲ ಸಲ ರಕ್ತ ಕಂಡು ತಲೆಸುತ್ತಿ ಬಿದ್ದದ್ದು ಈ ನನ್ನ ತೋಳಿನ ಮೇಲೇ. ಅವರೆಲ್ಲ ಈಗ ರಿಯಾದಿನಲ್ಲಿ, ಲಂಡನ್ನಿನಲ್ಲಿ ಇದ್ದಾರೆ. ಕ್ರಿಸ್‌ಮಸ್ಸಿಗೆ ನನಗೆ ಸಾಬೂನು, ಚಾಕೊಲೇಟು ಕಳಿಸುತ್ತಾರೆ. ಎಲ್ಲಿಗೂ ಹೋಗದೆ ಇಲ್ಲೇ ಉಳಿದವಳು ಡಿವಿನಾ ತೊರೆಫಿಯೆಲ್ ಒಬ್ಬಳೇ.

ಡಿವಿನಾ ಟಿಗ್ಬಾವಾನಿನ ಮೀನುಗಾರನ ಮಗಳು. ಐವತ್ತು ವಯಸ್ಸು, ಮದುವೆಯಿಲ್ಲ, ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ ಒಂದು ಸುಕ್ಕಿಲ್ಲ. ನರ್ಸಿಂಗ್ ಕಾಲೇಜಿನ ಟೀಚರ್. ಬೆಳಿಗ್ಗೆ ಆರಕ್ಕೆ ಎಂಟು ಹುಡುಗಿಯರನ್ನು ಸಾಲಾಗಿ ಕರೆತಂದು, ಮಧ್ಯಾಹ್ನ ಎರಡಕ್ಕೆ ಅದೇ ಸಾಲಿನಲ್ಲಿ ಕರೆದೊಯ್ಯುತ್ತಾಳೆ. ನನಗಿಂತ ಐದು ವರ್ಷ ಚಿಕ್ಕವಳು, ಹಾಗಾಗಿ ನಾನು ಅವಳನ್ನು ಇವತ್ತಿಗೂ ಇಂದಾಯ್ ಅಂತಲೇ ಕರೆಯುವುದು, ಚಿಕ್ಕ ಹುಡುಗಿಯನ್ನು ಕರೆದಂತೆ. ಹುಡುಗಿಯರಿಗೆ ಅವಳು ಎದುರಿಗೆ 'ಮೇಡಂ', ಬೆನ್ನ ಹಿಂದೆ 'ಇಪ್ಪತ್ತು'.

"ಇಪ್ಪತ್ತು ಬಂತು, ಇಪ್ಪತ್ತು ಬಂತು!" ಅಂತ ಒಬ್ಬಳು ಪಿಸುಗುಟ್ಟಿದರೆ ಸಾಕು, ಇಡೀ ವಾರ್ಡಿನ ಬೆಡ್‌ಶೀಟುಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವು.

ಹೆಸರು ಬಂದದ್ದಕ್ಕೆ ಕಾರಣವಿದೆ. ಎಂಟು ಗಂಟೆಗೆ ಪ್ರತಿ ರೋಗಿಯ ಜ್ವರ, ನಾಡಿ, ಉಸಿರು, ರಕ್ತದೊತ್ತಡ ಹಾಳೆಯಲ್ಲಿ ಬರೆದಿರಬೇಕು. ಅದರಲ್ಲಿ ಉಸಿರು ಎಣಿಸುವುದು ಮಹಾ ಬೇಜಾರಿನ ಕೆಲಸ. ಯಂತ್ರವಿಲ್ಲ, ಏನಿಲ್ಲ. ರೋಗಿಯ ಎದೆ ನೋಡುತ್ತ ಪೂರ್ತಿ ಒಂದು ನಿಮಿಷ ಸುಮ್ಮನೆ ನಿಂತು ಎಣಿಸಬೇಕು. ಹನ್ನೆರಡು ರೋಗಿಗಳೆಂದರೆ ಹನ್ನೆರಡು ನಿಮಿಷ ಎದೆ ನೋಡುತ್ತ ನಿಲ್ಲುವುದು. ಯಾರಿಗಿದೆ ಅಷ್ಟು ಹೊತ್ತು? ಹೇಗೂ ಎಲ್ಲರದೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆಂದು ನರ್ಸಿಂಗ್ ಹುಡುಗಿಯರು 'ಇಪ್ಪತ್ತು' ಅಂತ ಬರೆದು ಮುಂದಿನ ಹಾಸಿಗೆಗೆ ಹೋಗಿಬಿಡುತ್ತಾರೆ. ಡಿವಿನಾ ಹಾಳೆ ಎತ್ತಿದರೆ ಅವಳ ಬೆರಳು ನೇರವಾಗಿ ಆ ಸಾಲಿಗೇ ಹೋಗುತ್ತಿತ್ತು.

"ಎಣಿಸಿದ್ಯಾ?"

"ಎಣಿಸ್ದೆ ಮೇಡಂ."

"ಹಾಗಾದ್ರೆ ಬಾ, ನನ್ನೆದುರು ಇನ್ನೊಂದ್ಸಲ ಎಣ್ಸು."

ಲೆಕ್ಕ ತಪ್ಪಿದರೆ ಆ ದಿನದ ಹಾಜರಿ ಹೋಯಿತು. ಒಂದು ದಿನಕ್ಕೆ ಪ್ರತಿಯಾಗಿ ಮೂರು ದಿನ ದುಡಿಯಬೇಕು. ರೋಗಿಗಳು, ರೋಗಿಗಳ ಮನೆಯವರು, ನೆಲ ಒರೆಸುವವನು, ಎಲ್ಲರ ಮುಂದೆ ಬೈಗುಳ. ಬಟ್ಟೆ ಕೋಣೆಯಲ್ಲಿ ಹೊದಿಕೆಗಳ ರಾಶಿಗೆ ಮುಖವಿಟ್ಟು ಅತ್ತ ಹುಡುಗಿಯರ ಲೆಕ್ಕ ನನ್ನ ಹತ್ತಿರ ಇಲ್ಲ. ಅಲ್ಲಿಂದ ಹೊರಗೆ ಬಂದ ಹೊದಿಕೆಗಳನ್ನು ಮತ್ತೆ ಒಗೆಯಬೇಕಾದವಳು ನಾನು.

ಎಣಿಸುವ ಚಟ ಅವಳಿಗೆ ವಾರ್ಡಿನ ಹೊರಗೂ ಇತ್ತು. ಊರೊಳಗೆ ಓಡಾಡುವ ಜೀಪ್ನಿ ಗಾಡಿಯಲ್ಲಿ ಎದುರಿಗೆ ಕೂತವರ ಎದೆಯ ಮೇಲೆ ಅವಳ ಕಣ್ಣು. ಚರ್ಚಿನಲ್ಲಿ ಪಾದ್ರಿ ಪ್ರಸಂಗ ಮಾಡುವಾಗ ಅವಳ ತುಟಿ ಅಲ್ಲಾಡುವುದನ್ನು ಕಂಡು ಜನ ಎಷ್ಟು ಭಕ್ತಿ ಅಂದುಕೊಳ್ಳುತ್ತಿದ್ದರು. ಪ್ರಾರ್ಥನೆಯಲ್ಲ, ಪಾದ್ರಿಯ ಉಸಿರಿನ ಲೆಕ್ಕ.

"ನನ್ನನ್ನ ಎಣಿಸ್ಬೇಡ ಕಣೇ ಇಂದಾಯ್, ನಾನಿನ್ನೂ ಸತ್ತಿಲ್ಲ," ಅಂತ ನಾನು ಒಮ್ಮೆ ರೇಗಿದ್ದೆ. ಅವಳು ನಗಲಿಲ್ಲ. ನನಗೂ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

ಇನ್ನೊಂದು ವಿಷಯ. ನಮ್ಮಲ್ಲಿ ಸಾವಿನ ಮನೆಗೆ ಹೋದವರು ನೇರವಾಗಿ ಮನೆಗೆ ಬರುವುದಿಲ್ಲ. ದಾರಿಯಲ್ಲಿ ಎಲ್ಲಾದರೂ ಕೂತು, ಹಿಂದೆ ಬಂದದ್ದನ್ನು ಅಲ್ಲೇ ಕೊಡವಿಕೊಂಡು ಹೋಗಬೇಕು. ಡಿವಿನಾ ಪ್ರತಿದಿನ, ವಾರ್ಡಿನಲ್ಲಿ ಯಾರೂ ಸಾಯದ ದಿನ ಕೂಡ, ಮೂಲೆಯ ಬೇಕರಿಯಲ್ಲಿ ಕಾಲು ಗಂಟೆ ಕೂತೇ ಮನೆಗೆ ಹೋಗುತ್ತಿದ್ದಳು. ಬೇಕರಿಯವಳಿಗೆ ಅವಳು ಬ್ರೆಡ್ಡಿನ ಹುಚ್ಚಿ. ಅವಳು ಏನನ್ನು ಕೊಡವಿಕೊಳ್ಳುತ್ತಿದ್ದಾಳೆ ಅಂತ ನನಗೊಬ್ಬಳಿಗೇ ಗೊತ್ತಿತ್ತು.

ಇನ್ನು ದೆವ್ವದ ವಿಷಯ. ಹುಡುಗಿಯರ ಪ್ರತಿ ತಂಡವೂ ಮುಂದಿನ ತಂಡಕ್ಕೆ ಒಪ್ಪಿಸುತ್ತಾ ಬಂದ ಕಥೆ ಹೀಗಿದೆ: ಕಿಟಕಿ ಪಕ್ಕದ ಹನ್ನೊಂದನೇ ಹಾಸಿಗೆಯಲ್ಲಿ ಒಬ್ಬ ಅಜ್ಜಿ ಸತ್ತಿದ್ದಳು. ಒಬ್ಬ ವಿದ್ಯಾರ್ಥಿನಿ ಆ ಹೆಣವನ್ನು ನೋಡದೆಯೇ ಹಾಳೆಯಲ್ಲಿ ಇಪ್ಪತ್ತು ಉಸಿರು ಅಂತ ಬರೆದಳು. ಅಜ್ಜಿ ಎದ್ದು ಬಂದು "ನನ್ನನ್ನ ಎಣಿಸಿದ್ಯಾ?" ಅಂತ ಕೇಳಿದಳು. ಹುಡುಗಿ ಹುಚ್ಚು ಹಿಡಿದು ಬಟ್ಟೆ ಕೋಣೆಯಲ್ಲಿ ನೇಣು ಹಾಕಿಕೊಂಡಳು. ಈಗಲೂ ಎಂಟು ಗಂಟೆಗೆ ಮುಂಚೆ ಹನ್ನೊಂದನೇ ಹಾಸಿಗೆಯ ಕಿಟಕಿಯ ಕಟ್ಟೆಯ ಮೇಲೆ ಹುಡುಗಿಯರು ಅಜ್ಜಿಗೊಂದು, ನೇಣು ಹಾಕಿಕೊಂಡವಳಿಗೊಂದು ಅಂತ ಎರಡು ಪೆಪ್ಪರಮಿಂಟು ಇಡುತ್ತಾರೆ. ಅವನ್ನು ಇರುವೆ ಮುತ್ತುವ ಮೊದಲು ತೆಗೆದು ತಿನ್ನುವವಳು ನಾನು.

ಅಜ್ಜಿ ಎದ್ದು ಬಂದದ್ದು, ನೇಣು, ಎರಡೂ ಸುಳ್ಳು, ಉಳಿದದ್ದು ನಿಜ. ಆ ಕಥೆಯ ಸತ್ತ ಹುಡುಗಿ ದಿನಾ ಬೆಳಿಗ್ಗೆ ಅವರ ಎದುರಿಗೇ ನಿಂತು ಹಾಜರಿ ಕೂಗುತ್ತಿದ್ದಳು.

ಅದು ೧೯೮೮ರ ನವೆಂಬರ್ ಹನ್ನೆರಡು. ಡಿವಿನಾಗೆ ಹತ್ತೊಂಬತ್ತು ವರ್ಷ. ಅವಳ ಕಾಲದ ಟೀಚರ್ ಇವಳಿಗಿಂತಲೂ ಒಂದು ಕೈ ಮೇಲು. ಎಂಟಕ್ಕೆ ಹಾಳೆ ತುಂಬಿರದಿದ್ದರೆ ನರ್ಸಿನ ಟೋಪಿ ಕಿತ್ತುಕೊಂಡು ಮನೆಗೆ ಅಟ್ಟುತ್ತಿದ್ದರು. ಹಿಂದಿನ ದಿನವಷ್ಟೇ, ಮಲಗಿದ್ದ ರೋಗಿಯನ್ನು ಎಬ್ಬಿಸಿದಳೆಂದು ಡಿವಿನಾಗೆ ಎಲ್ಲರೆದುರು ಮಂಗಳಾರತಿ ಆಗಿತ್ತು. ಆ ಬೆಳಿಗ್ಗೆ ಹನ್ನೊಂದನೇ ಹಾಸಿಗೆಗೆ ಬರುವಾಗ ಎಂಟಕ್ಕೆ ಐದೇ ನಿಮಿಷ. ಗಿಂಬಾಲ್ ಊರಿನ ಮಾಕ್ಸಿಮಾ ಅಜ್ಜಿ ಗೋಡೆಗೆ ಮುಖ ಮಾಡಿ, ಕುತ್ತಿಗೆವರೆಗೆ ಹೊದ್ದು ಮಲಗಿದ್ದಳು. ಎಬ್ಬಿಸಿದರೆ ಬೈಗುಳ, ಬರೆಯದಿದ್ದರೆ ಟೋಪಿ ಹೋಗುತ್ತದೆ. ಹುಡುಗಿ ಹಿಂದಿನ ದಿನದ ಅಂಕಿಗಳನ್ನೇ ಸ್ವಲ್ಪ ಆಚೀಚೆ ಮಾಡಿ ಬರೆದಳು. ಉಸಿರು, ಇಪ್ಪತ್ತು.

ಎಂಟೂ ಇಪ್ಪತ್ತಕ್ಕೆ ನಾನು ಹೊದಿಕೆ ಬದಲಿಸಲು ಹೋದೆ. ಅಜ್ಜಿಯ ಕೈ ಮುಟ್ಟಿದೆ. ತಣ್ಣಗಿತ್ತು. ದವಡೆ ಸೆಟೆದು ಹೋಗಿತ್ತು, ಬಾಯಿ ಮುಚ್ಚಲು ಹೋದರೆ ಬಗ್ಗಲಿಲ್ಲ. ಹೆಣ ತೊಳೆದು ಗೊತ್ತಿದ್ದವರಿಗೆ ಅದು ಸಾಕು. ಅಜ್ಜಿ ಹೋಗಿ ಮೂರು ಗಂಟೆಯಾದರೂ ಆಗಿತ್ತು. ಡಾಕ್ಟರ್ ಬಂದದ್ದು ಒಂಬತ್ತಕ್ಕೆ, ಅದೂ ಅವಸರದಲ್ಲಿ. ಹಾಳೆಯಲ್ಲಿ ಎಂಟಕ್ಕೆ ಉಸಿರು ಇಪ್ಪತ್ತು ಅಂತ ಇತ್ತು. ಹಾಗಾದರೆ ಸಾವು ಎಂಟೂ ಇಪ್ಪತ್ತಕ್ಕೆ, ಅಂತ ಬರೆದು ಸಹಿ ಹಾಕಿ ಹೋದರು.

ಡಿವಿನಾ ಬಟ್ಟೆ ಕೋಣೆಯಲ್ಲಿ ನನ್ನ ಕೈ ಹಿಡಿದು ನಿಲ್ಲಿಸಿದಳು. "ಮನಾಂಗ್, ನಾನು ಮುಟ್ಲೇ ಇಲ್ಲ. ಹೋಗಿ ಹೇಳ್ಬಿಡ್ತೀನಿ."

ನಾನು ಏನಂದೆ ಅಂತ ಹೇಳಲೇಬೇಕು, ಇಲ್ಲದಿದ್ದರೆ ಈ ಕಥೆ ಹೇಳುವ ಹಕ್ಕು ನನಗಿಲ್ಲ. "ಬಾಯ್ಮುಚ್ಕೊಂಡು ಇರು. ಅಜ್ಜಿ ಹೇಗೂ ಹೋದ್ಲು. ನೀನು ಹೇಳಿದ್ರೆ ಎದ್ದು ಬರ್ತಾಳಾ? ನಿಮ್ಮಪ್ಪ ಬಲೆ ಮಾರಿ ಓದಿಸ್ತಿದಾನೆ," ಅಂದೆ. ಬುದ್ಧಿ ಹೇಳಿದೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಬಾಗಿಲಾಚೆ ಯಾವಳೋ ಹುಡುಗಿ ಅರೆಬರೆ ಕೇಳಿಸಿಕೊಂಡಿರಬೇಕು, ದೆವ್ವದ ಕಥೆ ಹುಟ್ಟಿದ್ದು ಅಲ್ಲಿಂದಲೇ.

ಅಜ್ಜಿಗೊಬ್ಬಳು ಮಗಳಿದ್ದಳು, ಕ್ರೆಸಿಂಗ್. ಆಗ ಇಪ್ಪತ್ತಾರು ವರ್ಷ, ಬಸುರಿ. ರಾತ್ರಿಯೆಲ್ಲ ತಾಯಿಯ ಕಾಲ ಬಳಿ ತಲೆಯಿಟ್ಟು ಮಲಗಿ, ಏಳೂವರೆಗೆ ಕಾಫಿ ಕುಡಿಯಲು ಹೊರಗೆ ಹೋಗಿದ್ದಳು. ಎಂಟೂವರೆಗೆ ಬಂದಾಗ ತಾಯಿಯ ಮುಖಕ್ಕೆ ಬಟ್ಟೆ ಹೊದಿಸಿತ್ತು. ಆಮೇಲೆ ಡಾಕ್ಟರ್ ಬರೆದ ಸಮಯ ಕೇಳಿ ಅವಳು ಎದೆ ಬಡಿದುಕೊಂಡು ಅತ್ತದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. "ಕಾಫಿಗೆ ಹೋದ್ನಲ್ಲ! ಒಬ್ಬಳೇ ಬಿಟ್ಟು ಹೋದ್ನಲ್ಲ!" ತಾಯಿಯ ಜೀವ ಹೋಗುವಾಗ ಅವಳು ಹತ್ತಿರವೇ ಇದ್ದಳು. ಅದನ್ನು ಹೇಳಬಲ್ಲವರು ಲೋಕದಲ್ಲಿ ಇಬ್ಬರೇ. ಇಬ್ಬರ ಬಾಯಿಗೂ ಬೀಗ ಬಿದ್ದಿತ್ತು.

ಅಷ್ಟಕ್ಕೇ ಮುಗಿದಿದ್ದರೆ ನಾವು ಮರೆಯುತ್ತಿದ್ದೆವೋ ಏನೋ. ಕ್ರೆಸಿಂಗ್ ಮರೆಯಲು ಬಿಡಲಿಲ್ಲ. ಪ್ರತಿ ವರ್ಷ ನವೆಂಬರ್ ಹನ್ನೆರಡಕ್ಕೆ ಗಿಂಬಾಲಿನಿಂದ ಬಸ್ಸು ಹತ್ತಿ, ತಾಯಿಯನ್ನು ನೋಡಿಕೊಂಡ ವಾರ್ಡಿಗೆ ಅಂತ ಒಂದು ಬುಟ್ಟಿ ಇಬೋಸ್ ತರುತ್ತಿದ್ದಳು. ತೆಂಗಿನ ಹಾಲಿನಲ್ಲಿ ಬೇಯಿಸಿ ಗರಿಯಲ್ಲಿ ಸುತ್ತಿದ ಅಂಟಕ್ಕಿಯ ಕಡುಬು. ಬುಟ್ಟಿ ಇಟ್ಟು ಹನ್ನೊಂದನೇ ಹಾಸಿಗೆಯ ಕಡೆ ನೋಡಿ, "ಆ ಒಂದು ಲೋಟ ಕಾಫಿ ಕುಡೀದಿದ್ರೆ ನಾನು ಸಾಯ್ತಿದ್ನಾ, ಸೆಂದಾ?" ಅನ್ನುತ್ತಿದ್ದಳು. ಮೂವತ್ತು ವರ್ಷ, ಮೂವತ್ತು ಬುಟ್ಟಿ. ನಾನು ಆ ಕಡುಬು ನುಂಗಿದ್ದೇನೆ. ಹೇಗೆ ನುಂಗಿದೆ ಅಂತ ಕೇಳಬೇಡಿ. ಡಿವಿನಾ ಆ ದಿನ ಬಟ್ಟೆ ಕೋಣೆಯ ಒಳಗಿನಿಂದ ಚಿಲಕ ಹಾಕಿಕೊಂಡಿರುತ್ತಿದ್ದಳು. ರಿಯಾದಿನಿಂದ ಎರಡು ಸಲ ಕೆಲಸದ ಕರೆ ಬಂದಾಗಲೂ ಅವಳು ಹೋಗದಿದ್ದದ್ದಕ್ಕೆ ಇದೇ ಕಾರಣ. ಇನ್ನೊಬ್ಬ ಹುಡುಗಿ ಹಾಗೆ ಬರೆಯದಂತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದೇ ತನ್ನ ಶಿಕ್ಷೆ ಅಂದುಕೊಂಡಿದ್ದಳು.

ಹೋದ ನವೆಂಬರಿನಲ್ಲಿ ಅದೂ ಮುರಿದುಬಿತ್ತು.

ಕಾಲೇಜಿನವರು ವರ್ಷಕ್ಕೊಮ್ಮೆ ಹುಡುಗಿಯರಿಗೆ ಒಂದು ಕಾಗದ ಹಂಚುತ್ತಾರೆ. ನೀವು ಕಲಿಯುವ ವಾರ್ಡಿನ ವಾತಾವರಣ ಹೇಗಿದೆ? ಟೀಚರ್ ಹೇಗೆ? ಒಂದರಿಂದ ಐದರವರೆಗೆ ಗುರುತು ಹಾಕಿ, ಹೆಸರು ಬೇಡ. ಹುಡುಗಿಯರು ನನ್ನ ಮೇಜಿನ ಮೇಲೇ ಕೂತು ಎಲ್ಲಕ್ಕೂ ಐದು, ಐದು, ಐದು ಅಂತ ಸುತ್ತಿದರು.

"ಇಷ್ಟೊಂದು ಸುಖಾನಾ ನಿಮಗಿಲ್ಲಿ?" ಅಂತ ಕೆಣಕಿದೆ.

"ಮನಾಂಗ್, ಮೂರು ಅಂತ ಹಾಕಿದ್ರೆ ಪೆನ್ನು ಒತ್ತಿದ ರೀತೀಲೇ ಇಪ್ಪತ್ತು ನಮ್ಮನ್ನ ಕಂಡ್ಹಿಡೀತಾಳೆ," ಅಂದಳೊಬ್ಬಳು. ಎಲ್ಲರೂ ಕಿಸಕ್ಕನೆ ನಕ್ಕರು. ರೆಜಿಲಿನ್ ಅನ್ನುವ ತೆಳ್ಳನೆಯ ಹುಡುಗಿ ಮಾತ್ರ ನಗದೆ, ಕಾಗದದ ಹಿಂಬದಿಗೆ ತಿರುಗಿಸಿ ಏನೋ ಬರೆಯುತ್ತಿದ್ದಳು.

ಮೂರು ದಿನ ಬಿಟ್ಟು ಡಿವಿನಾ ಆ ಕಾಗದ ಹಿಡಿದು ನಾನು ಬೇಸನ್ ತೊಳೆಯುತ್ತಿದ್ದ ಕೋಣೆಗೆ ಬಂದಳು. ಓದಿ ಹೇಳಿದಳು. ಅವಳ ದನಿ ಯಾರದೋ ದನಿಯಂತಿತ್ತು.

"ಮೇಡಂ ಇಪ್ಪತ್ತು ಬರೆದವರನ್ನು ಹಿಡಿಯುತ್ತಾರೆ. ಆದ್ದರಿಂದ ನಾವು ಹದಿನೆಂಟು, ಹತ್ತೊಂಬತ್ತು, ಇಪ್ಪತ್ತೆರಡು ಎಂದು ಬರೆಯುತ್ತೇವೆ. ಎಣಿಸಲು ಸಮಯ ಸಿಗಲಿಲ್ಲ ಎಂದು ಇಲ್ಲಿ ಹೇಳುವಂತಿಲ್ಲ. ಹೇಳಿದರೆ ಎಲ್ಲರೆದುರು ಮಾನ ಹೋಗುತ್ತದೆ. ಈ ವಾರ್ಡಿನಲ್ಲಿ ನಾವು ಚೆನ್ನಾಗಿ ಕಲಿತದ್ದು ಸುಳ್ಳನ್ನು ನಿಜದಂತೆ ಬರೆಯುವುದನ್ನು."

ಬೇಸನ್ ನನ್ನ ಕೈಯಲ್ಲೇ ಉಳಿಯಿತು.

"ನಾನು ಟೀಚರ್ ಆಗಿ ಇಪ್ಪತ್ತೈದು ವರ್ಷದಿಂದ ಹೀಗೇನಾ, ಮನಾಂಗ್? ನಿಮಗೆ ಗೊತ್ತಿತ್ತಾ?"

ಗೊತ್ತಿತ್ತು. ಆಯಾಗಳಿಗೆ ಗೊತ್ತಿಲ್ಲದ್ದು ಏನಿರುತ್ತದೆ? "ಗೊತ್ತಿತ್ತು ಇಂದಾಯ್. ನಿನಗೆ ಹೇಳೋಕೆ ನನಗೂ ಹೆದರಿಕೆ," ಅಂದೆ.

ಅವಳು ಅಲ್ಲೇ ಒದ್ದೆ ನೆಲದ ಮೇಲೆ, ಆ ಇಸ್ತ್ರಿ ಬಟ್ಟೆಯಲ್ಲೇ ಕೂತುಬಿಟ್ಟಳು. ಅವಳ ಬಗ್ಗೆ ನನಗೆ ಅಷ್ಟು ಕನಿಕರ ಎಂದೂ ಆಗಿರಲಿಲ್ಲ, ನನ್ನ ಮೇಲೆ ಅಷ್ಟು ಸಿಟ್ಟೂ ಬಂದಿರಲಿಲ್ಲ.

ಮರುದಿನ ಒಂಬತ್ತಕ್ಕೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದಳು. ಕೈಯಲ್ಲಿ ಆ ಕಾಗದ. ರೆಜಿಲಿನ್‌ಳ ಮುಖದಲ್ಲಿ ರಕ್ತವಿರಲಿಲ್ಲ. ಅಕ್ಷರ ಹೊಂದಿಸಿ ಹಿಡಿಯುತ್ತಾಳೆ ಅಂತ ಎಲ್ಲರೂ ಜೀವ ಕೈಯಲ್ಲಿ ಹಿಡಿದು ನಿಂತಿದ್ದರು.

"ಇದನ್ನ ಯಾರು ಬರೆದದ್ದು ಅಂತ ನಾನು ಕೇಳಲ್ಲ," ಅಂದಳು ಡಿವಿನಾ. "ಹನ್ನೊಂದನೇ ಹಾಸಿಗೆ ಅಜ್ಜಿ ಕಥೆ ನಿಮಗೆಲ್ಲ ಗೊತ್ತಲ್ಲ?"

ಒಬ್ಬಳು ಶಿಲುಬೆಯ ಗುರುತು ಮಾಡಿಕೊಂಡಳು.

"ಆ ಹುಡುಗಿ ನೇಣು ಹಾಕ್ಕೊಳ್ಳಲಿಲ್ಲ. ಆ ಹುಡುಗಿ ನಾನು."

ಹೇಳಿದಳು. ಗೋಡೆಗೆ ತಿರುಗಿದ್ದ ಮುಖ, ಐದು ನಿಮಿಷದ ಅವಸರ, ಟೋಪಿಯ ಭಯ, ಕಾಫಿಗೆ ಹೋದ ಮಗಳು, ಎಲ್ಲ ಹೇಳಿದಳು. ನನ್ನ ಹೆಸರು ಮಾತ್ರ ಹೇಳಲಿಲ್ಲ. ಕೊನೆಗೆ, "ಇವತ್ತು ಯಾರ‍್ಯಾರು ಎಣಿಸದೆ ಬರೆದಿದ್ದೀರೋ ಹೇಳಿ. ಹಾಜರಿ ಹೋಗಲ್ಲ. ಹೋಗಿ ಎಣಿಸಿ, ಅಷ್ಟೇ," ಅಂದಳು. ಒಂದೊಂದಾಗಿ ಎಂಟರಲ್ಲಿ ಆರು ಕೈ ಎದ್ದವು.

ಕೈ ಎತ್ತಿದವರಲ್ಲಿ ರೆಜಿಲಿನ್ ಇದ್ದಳು. ಅವಳು ಕೈ ಇಳಿಸಲಿಲ್ಲ. "ಮೇಡಂ, ಆ ಅಜ್ಜಿ ಮಗಳಿಗೆ ಹೇಳಿದ್ರಾ?"

ಡಿವಿನಾ ಇಲ್ಲವೆಂದು ತಲೆಯಾಡಿಸಿದಳು.

"ಪಾಪ, ಅವರಿಗಿನ್ನೂ ಗೊತ್ತಿಲ್ವಾ?" ಅಂದಿತು ಹುಡುಗಿ.

ಅದಾಗಿ ಎರಡು ದಿನಕ್ಕೆ ಹನ್ನೆರಡನೇ ತಾರೀಕು. ಕ್ರೆಸಿಂಗ್ ಬುಟ್ಟಿ ಹಿಡಿದು ಬಂದಳು. ಕೂದಲೆಲ್ಲ ಬೆಳ್ಳಗಾಗಿತ್ತು, ಮಂಡಿ ನೋವು, ಮೆಟ್ಟಿಲು ಹತ್ತಿ ಏದುಸಿರು. ಡಿವಿನಾ ಬಟ್ಟೆ ಕೋಣೆಗೆ ಹೋಗಲಿಲ್ಲ. ಹನ್ನೊಂದನೇ ಹಾಸಿಗೆ ಅವತ್ತು ಖಾಲಿಯಿತ್ತು. ಕ್ರೆಸಿಂಗಳನ್ನು ಅದರ ಮೇಲೆ ಕೂರಿಸಿ ತಾನು ನಿಂತುಕೊಂಡಳು. ನಾನು ಹತ್ತಿರದಲ್ಲೇ ನೀರಿನ ಜಗ್ಗು ಹಿಡಿದು ನಿಂತೆ.

"ನಿಮ್ಮ ತಾಯಿ ಹೋದದ್ದು ಎಂಟೂ ಇಪ್ಪತ್ತಕ್ಕಲ್ಲ, ಮನಾಂಗ್," ಅಂತ ಶುರು ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಕ್ರೆಸಿಂಗ್ ಮೊದಲು ನಗುತ್ತಾ ಕೇಳುತ್ತಿದ್ದವಳು ನಗು ಮುಖದ ಮೇಲೆ ಹಾಗೇ ಉಳಿದು ಕಲ್ಲಾದಳು.

"ಯಾಕೆ ಹೇಳ್ಲಿಲ್ಲ?"

"ಹೆದರಿಕೆ ಆಯ್ತು."

"ಮೂವತ್ತೊಂದು ವರ್ಷಾನೂ ಹೆದರಿಕೇನಾ?"

ಡಿವಿನಾ ತಲೆ ತಗ್ಗಿಸಿದಳು. ಈಗಲಾದರೂ ನನ್ನ ಕಡೆ ಬೆರಳು ತೋರಿಸುತ್ತಾಳೆ ಅಂತ ಕಾದೆ. ತೋರಿಸಲಿಲ್ಲ.

"ಅವಳು ಹೇಳೋಕೆ ಹೊರಟಿದ್ಲು," ಅಂದೆ. "ಬಾಯ್ಮುಚ್ಕೊಂಡಿರು ಅಂದವಳು ನಾನು. ನಿಮ್ಮ ಕಡುಬು ತಿಂದವಳೂ ನಾನೇ."

ಕ್ರೆಸಿಂಗ್ ನನ್ನನ್ನೇ ದಿಟ್ಟಿಸಿದಳು. ಹೊಡೆದಿದ್ದರೆ ಹಗುರಾಗುತ್ತಿತ್ತು. ಅವಳು ಕೇಳಿದ್ದೇ ಬೇರೆ.

"ಏಳೂವರೆಗೆ ಅಮ್ಮ ಆಗ್ಲೇ ಹೋಗಿದ್ಲಾ, ಸೆಂದಾ? ಸರಿಯಾಗಿ ಹೇಳು."

"ಹೋಗಿದ್ರು. ಐದಕ್ಕೇ ಹೋಗಿದ್ರು. ನೀವು ಅವರ ಕಾಲ ಬಳಿ ತಲೆಯಿಟ್ಟು ಮಲಗಿದ್ರಿ."

"ಹಿಂದಿನ ದಿನ ನಾವಿಬ್ರೂ ಜಗಳ ಆಡಿದ್ವಿ," ಅಂದಳು ಕ್ರೆಸಿಂಗ್. ಇದನ್ನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. "ಬೆಳಿಗ್ಗೆ ಎದ್ದು, ನಾಯ್, ಅಮ್ಮಾ, ಕಾಫಿ ಕುಡ್ಕೊಂಡು ಬರ್ತೀನಿ ಅಂದೆ. ಮಾತಾಡ್ಲಿಲ್ಲ. ಎರಡ್ಸಲ ಕರೆದೆ. ಗೋಡೆ ಕಡೆ ತಿರುಗೇ ಇದ್ಲು. ಇನ್ನೂ ಕೋಪಾನಾ, ಹಾಗೇ ಇರು ಅಂತ ಬೈದು ಹೋದೆ." ಹಾಸಿಗೆಯ ಹೊದಿಕೆಯನ್ನು ಅಂಗೈಯಿಂದ ಸವರಿದಳು. "ಅವಳಿಗೆ ಕೋಪ ಇರಲಿಲ್ಲ. ಜೀವ ಇದ್ದಿದ್ರೆ ತಾನೇ ಕೋಪ ಮಾಡ್ಕೊಳ್ಳೋಕೆ? ಅವಳು ಕೋಪದಲ್ಲಿ ಹೋಗ್ಲಿಲ್ಲ."

ಆಮೇಲೆ ಅತ್ತಳು. ಹುಡುಗಿಯರು ಟ್ರೇ ಹಿಡಿದು ಅಲ್ಲಲ್ಲೇ ನಿಂತರು. ಅತ್ತು ಮುಗಿದ ಮೇಲೆ ಡಿವಿನಾಳ ಕಡೆ ತಿರುಗಿದ ಕಣ್ಣಿನಲ್ಲಿ ಕ್ಷಮೆ ಏನೂ ಇರಲಿಲ್ಲ.

"ನನ್ನ ಮಕ್ಕಳು ಮಲಗಿ ಮಾತಾಡದೆ ಇದ್ರೆ ನಾನು ಬಿಡ್ತಿರಲಿಲ್ಲ, ಗೊತ್ತಾ? ಅಲ್ಲಾಡಿಸಿ ಎಬ್ಬಿಸ್ತಿದ್ದೆ. ಕೋಪಾನಾ, ಕೋಪಾನಾ ಅಂತ ಕೇಳ್ತಿದ್ದೆ. ಕೂಸಾಗಿದ್ದಾಗಿಂದ. ಈಗಲೂ. ಅಮ್ಮನಿಗೆ ಹುಚ್ಚು ಅಂತಾರೆ ಅವರು." ಎದ್ದು ನಿಂತಳು. "ಕ್ಷಮಿಸು ಅಂತ ನನ್ನ ಕೇಳ್ಬೇಡಿ. ಭಾನುವಾರ ಮನೆಗೆ ಬನ್ನಿ, ಇಬ್ಬರೂ. ನನಗೆ ಹೇಳಿದ್ದನ್ನ ಅವರ ಮುಂದೆ ಹೇಳಿ."

ಹೋದೆವು. ಬಸ್ಸಿನಲ್ಲಿ ಗಿಂಬಾಲಿನವರೆಗೆ ಡಿವಿನಾ ಯಾರ ಎದೆಯನ್ನೂ ನೋಡಲಿಲ್ಲ, ತನ್ನ ಕೈಗಳನ್ನೇ ನೋಡಿಕೊಂಡಿದ್ದಳು. ಮನೆಯಲ್ಲಿ ಅಜ್ಜಿಯ ವರ್ಷದ ಪ್ರಾರ್ಥನೆ ಮುಗಿದು ನೆಂಟರು ಹೋದ ಮೇಲೆ ಕ್ರೆಸಿಂಗ್ ಮಗಳನ್ನೂ ದೊಡ್ಡ ಮಗ ರೊಮೆಲನನ್ನೂ ಕರೆದು ಕೂರಿಸಿದಳು. ಅಜ್ಜಿ ಸತ್ತಾಗ ಹೊಟ್ಟೆಯಲ್ಲಿದ್ದವನು ರೊಮೆಲ್. ಈಗ ಮೂವತ್ತರ ಗಂಡಸು, ವೆಲ್ಡಿಂಗ್ ಕೆಲಸ, ಕಣ್ಣು ಸದಾ ಕೆಂಪು. ಡಿವಿನಾ ತನ್ನ ಪಾಲನ್ನು ಹೇಳಿದಳು, ನಾನು ನನ್ನದನ್ನು. ಮಗಳು ಬಿಕ್ಕಿದಳು. ರೊಮೆಲ್ ನೆಲ ನೋಡುತ್ತ ಕೂತಿದ್ದ. ಬೈಯುತ್ತಾನೆ, ಹೊರಗೆ ನಡೀರಿ ಅನ್ನುತ್ತಾನೆ ಅಂದುಕೊಂಡೆ.

ಅವನು ನಮ್ಮ ಕಡೆ ನೋಡಲೇ ಇಲ್ಲ. "ಹಾಗಾದ್ರೆ ನಾಯ್," ಅಂತ ತಾಯಿಯನ್ನು ಕೇಳಿದ, "ಇನ್ಮೇಲೆ ನಾನು ಮಲಗಬಹುದಾ?"

ಅವನು ತಮಾಷೆಗೆ ಕೇಳಿರಲಿಲ್ಲ. ಕ್ರೆಸಿಂಗ್ ಅವನ ತಲೆಯನ್ನು ಎಳೆದು ತೊಡೆಯ ಮೇಲಿಟ್ಟುಕೊಂಡಳು. ಆ ದೊಡ್ಡ ಗಂಡಸು ಬೆಂಚಿನ ಮೇಲೆ ಕಾಲು ಮಡಚಿಕೊಂಡು ನಮ್ಮೆಲ್ಲರ ಎದುರಿಗೇ ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ನಿದ್ದೆ ಹೋದ. ತಾಯಿಯ ಕೈ ಒಮ್ಮೆ ಅವನ ಭುಜದ ಕಡೆಗೆ ಹೋಯಿತು, ಅಲ್ಲಾಡಿಸಲಿಲ್ಲ, ವಾಪಸು ಬಂತು.